ಮೂಲೆಯ ಇಂಟು ಮಾರ್ಕು

ಜನ ಕಂಬಿಗೆ ಜೋತುಬಿದ್ದ ಬಸ್ಸಿನಲ್ಲೂ ನಗಿಸುತ್ತಲೇ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಅಪ್ಪನ ಬಾಯಿ, ಪಾರ್ಶ್ವವಾಯು ಬಡಿದ ದಿನವೇ ಕಟ್ಟಿಹೋಯಿತು. ಬಲಗೈ ಬಿದ್ದುಹೋಯಿತು. ಎಡಗೈ ಅರೆಮನಸ್ಸಿನಿಂದ ಜೊತೆಗುಳಿಯಿತು. ತಲೆಯಾಡಿಸಿದರೂ ಅದು ಹೌದೋ ಅಲ್ಲವೋ ತಿಳಿಯದು. ಕುತ್ತಿಗೆ ಎತ್ತ ವಾಲಿದರೂ ಅವನ ತಂಗಿ, ಅಂದರೆ ಅತ್ತೆ, ತನಗೆ ಬೇಕಾದ ಅರ್ಥವನ್ನೇ ತೆಗೆಯುತ್ತಿದ್ದಳು.

ಅಪ್ಪನ ಬಾಯಲ್ಲಿ ಮಗಳ ಹೆಸರು ಮೌನಗೌರಿ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಅವಳಿಗೆ ಹೊರಗಿನವರೆದುರು ನಾಲಿಗೆ ಹೊರಳುತ್ತಿರಲಿಲ್ಲ. ಅಪ್ಪನಿಗೆ ಇನ್ನೂ ಓದಲು ಬರುತ್ತದೆಂದು ಗೊತ್ತಾದದ್ದೇ, ಅವಳು ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತು ಒಂದು ಪುಟ್ಟ ವಿಂಡೋ ಕಟ್ಟಲು ಹೊರಟಳು. ಅದರಲ್ಲಿ ದೊಡ್ಡ ದೊಡ್ಡ ಬಟನ್ನುಗಳು. ಒತ್ತಿದರೆ ಅಪ್ಪನ ಮಾತು.

ಮೊದಲ ಸಲ ಓಡಿಸಿದಾಗ ವಿಂಡೋ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ.

"ಬಂದ ನೆಂಟರು ಕಾಲು ತೊಳೆಯೋ ಮುಂಚೆ ಹೊರಟುಬಿಟ್ರಲ್ಲೇ!" ಎಂದಳು ಅತ್ತೆ.

ಯಾರಾದರೂ ಮುಚ್ಚುವವರೆಗೆ ಕಾದಿರು ಎಂದು ಹೇಳುವ ಕೊನೆಯ ಸಾಲನ್ನು ಅವಳು ಪ್ರೋಗ್ರಾಮಿನಲ್ಲಿ ಬರೆದೇ ಇರಲಿಲ್ಲ. ಬರೆದಳು; ವಿಂಡೋ ಪರದೆಯ ಮೇಲೆ ನಿಂತಿತು. ನೀರು, ಊಟ, ಔಷಧಿ, ನೋವು, ಮಗ್ಗುಲು ಬದಲಿಸು. ಬಟನ್ನುಗಳ ಅಕ್ಷರ ಅಪ್ಪನ ಟಿಕೆಟ್ ಚೀಲದ ಮೇಲಿನ ಅಕ್ಷರಗಳಷ್ಟು ದಪ್ಪ.

"ಒತ್ತಪ್ಪಾ, ಏನು ಬೇಕು?"

ಅಪ್ಪನ ಎಡಗೈ ಮೌಸನ್ನು ಎಳೆಯಿತು. ಬಾಣ ತೆವಳುತ್ತ ಹೋಗಿ ಮೇಲಿನ ಮೂಲೆಯ ಇಂಟು ಮಾರ್ಕಿಗೆ ತಾಗಿತು. ವಿಂಡೋ ಮುಚ್ಚಿತು. ಅವಳು ತೆರೆದಳು. ಅಪ್ಪ ಮತ್ತೆ ಮುಚ್ಚಿದ.

"ಕೈ ನಡುಗುತ್ತೆ, ಪಾಪ. ಎಲ್ಲೆಲ್ಲೋ ಹೋಗುತ್ತೆ," ಎಂದಳು ಅತ್ತೆ, ಗಂಜಿಯ ಚಮಚ ಅಣ್ಣನ ಬಾಯಿಗೆ ಒತ್ತುತ್ತ.

ಅದೂ ನಿಜವೆನ್ನಿಸಿತು. ಅಂದು ಸಂಜೆಯೇ ಅವಳು ಎರಡು ಸಾಲು ಸೇರಿಸಿ, ಇಂಟು ಮಾರ್ಕನ್ನು ಒತ್ತಿದರೂ ಏನೂ ಆಗದಂತೆ ಮಾಡಿದಳು. ತನ್ನ ಜಾಣತನಕ್ಕೆ ತಾನೇ ಒಳಗೊಳಗೆ ಹಿಗ್ಗಿದಳು.

ಅಪ್ಪನ ಕೆಮ್ಮು ಹೆಚ್ಚಾದಾಗ ಡಾಕ್ಟರು ಮನೆಗೇ ಬಂದರು. ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತಿದೆ ಎಂದರು. "ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕ್ಬೇಕಾಗುತ್ತೆ. ಹಾಕದಿದ್ರೆ ಹೆಚ್ಚು ದಿನ ಇಲ್ಲ. ಹಾಕಿದ್ರೂ ಇವ್ರು ಏಳ್ತಾರೆ ಅಂತ ನಾನು ಹೇಳಲ್ಲ. ಇವ್ರ ಇಷ್ಟ ಏನು?"

"ಕೇಳೋಣ, ನಮ್ಮ ಹುಡುಗಿ ಮಿಷನ್ ಮಾಡಿದಾಳೆ!" ಅತ್ತೆಯೇ ಲ್ಯಾಪ್‌ಟಾಪ್ ತಂದು ಹಾಸಿಗೆಯ ಮೇಲಿಟ್ಟಳು.

ಅಪ್ಪ ಐದು ಬಟನ್ನುಗಳನ್ನೂ ದಾಟಿ ಬಾಣವನ್ನು ಮೂಲೆಗೆ ಒಯ್ದ. ಒತ್ತಿದ. ಏನೂ ಆಗಲಿಲ್ಲ. ಒತ್ತಿದ, ಮತ್ತೆ ಒತ್ತಿದ. ಬಸ್ಸು ನಿಲ್ಲಿಸಲು ತಗಡಿನ ಮೇಲೆ ಬೆರಳಿನಿಂದ ಬಡಿಯುತ್ತಿದ್ದ ಹಾಗೆಯೇ.

ಅದು ಕೈತಪ್ಪಲ್ಲವೆಂದು ಮೌನಗೌರಿಗೆ ಆಗ ಹೊಳೆಯಿತು. ಅಪ್ಪ ಕೇಳಬಹುದಾದದ್ದನ್ನೆಲ್ಲ ಬರೆದಿದ್ದಳು. 'ಬೇಡ' ಎಂಬುದನ್ನು ಬರೆದಿರಲಿಲ್ಲ. ತಾನು ಯಾರಿಗೂ ಒಮ್ಮೆಯೂ ಹೇಳದ ಮಾತು, ಅವಳಿಗೆ ನೆನಪಾಗುವುದಾದರೂ ಹೇಗೆ? ಈಗ ಹೇಳಬೇಕಿತ್ತು. ಡಾಕ್ಟರು ಅವಳತ್ತ ನೋಡಿದರು. ಅವಳು ಲ್ಯಾಪ್‌ಟಾಪಿನ ಪರದೆಯತ್ತ ತಲೆ ತಗ್ಗಿಸಿದಳು.

"ಬೇಡ ಅಂದಿಲ್ಲವಲ್ಲ, ಹಾಕಿಬಿಡಿ ಡಾಕ್ಟ್ರೇ. ಅಣ್ಣ ಇರಲಿ," ಎಂದಳು ಅತ್ತೆ, ಸೆರಗಿನಲ್ಲಿ ಕಣ್ಣೊರೆಸುತ್ತ.

ನಳಿಗೆ ಬಂತು. ಅಪ್ಪ ಅದನ್ನು ಕಿತ್ತೆಸೆದ. ಮತ್ತೆ ಹಾಕಿ, ಎಡಗೈಯನ್ನು ಬಟ್ಟೆಪಟ್ಟಿಯಿಂದ ಮಂಚಕ್ಕೆ ಕಟ್ಟಿದರು.

ಆಮೇಲೆ ಅವಳು ಇಂಟು ಮಾರ್ಕಿಗೆ ಹಾಕಿದ್ದ ಎರಡು ಸಾಲು ಅಳಿಸಿ, ಎಲ್ಲಕ್ಕಿಂತ ದೊಡ್ಡದಾಗಿ ಬೇಡ ಎಂಬ ಬಟನ್ನು ಸೇರಿಸಿ ಅಪ್ಪನ ಮುಖದೆದುರು ಹಿಡಿದಳು. ಅವನು ಆ ಪದವನ್ನು ಓದಿದ. ಅವಳನ್ನು ನೋಡಿದ. ಪಟ್ಟಿಯೊಳಗೆ ಬೆರಳುಗಳು ಒಮ್ಮೆ ಅಲುಗಿ ಸುಮ್ಮನಾದವು.

"ಕೈ ಬಿಚ್ಚಲಾ ಅತ್ತೇ?" ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

ಅತ್ತೆ ನಳಿಗೆಗೆ ಹಾಲು ಸುರಿಯುತ್ತಿದ್ದಳು. "ಏನಂದೇ?"

"ಏನಿಲ್ಲ."

ವಿಂಡೋ ಮಂಚದ ಪಕ್ಕ ತೆರೆದೇ ಇತ್ತು, ಯಾರಾದರೂ ಮುಚ್ಚುವವರೆಗೆ.