ಕಣ್ಣಿಲ್ಲದ ಗುಂಡಣ್ಣ

ಮಕ್ಕಳ ಪುಸ್ತಕ ಮಾಡುವ ಆ ಬಂಗಲೆಯಲ್ಲಿ ಮಕ್ಕಳು ಮುಟ್ಟಬಾರದ ಸಾಮಾನುಗಳೇ ತುಂಬಿದ್ದವು. ಗಾಜಿನ ಹೂಜಿ, ಚೂಪು ಕೊಂಬಿನ ಹಿತ್ತಾಳೆ ಜಿಂಕೆ, ಕೂತರೆ ಕಲೆಯಾಗುವ ಬಿಳಿ ಸೋಫಾ. ಕುಕ್ ಟೌನಿನ ಆ ರಸ್ತೆಯಲ್ಲೇ ಬೇರೆಲ್ಲೂ ಇಲ್ಲದ, ಹತ್ತಲು ಹೇಳಿ ಮಾಡಿಸಿದಂಥ ಮಾವಿನ ಮರವೊಂದು ಅಂಗಳದಲ್ಲಿತ್ತು. ಅದಕ್ಕೂ ಫಲಕ ನೇತುಹಾಕಿದ್ದರು, ಹತ್ತಬೇಡಿ ಎಂದು.

ರೇವತಿ ಸೋಫಾದ ತುದಿಯಲ್ಲಿ ಕೂತು ತನ್ನ ಹದಿನಾಲ್ಕು ಚಿತ್ರಗಳನ್ನು ಮೇಜಿನ ಮೇಲೆ ಹರಡಿದಳು. ಅವು ಅವಳ ಆಯಿ, ಅಂದರೆ ಅಜ್ಜಿ ಜಟ್ಟೆಮ್ಮ, ಹಾಡುವ ಜೋಗುಳದ ಚಿತ್ರಗಳು. ಅಫಜಲಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಲಿಂಗರಾಜಪುರದ ಬಾಡಿಗೆ ಕೋಣೆಯಲ್ಲಿ ನೆಲೆನಿಂತ ಆಯಿ, ಮೊಮ್ಮಗಳನ್ನು ಅರ್ಧ ರೊಟ್ಟಿಯಲ್ಲಿ, ಅರ್ಧ ಕತೆಯಲ್ಲಿ ಸಾಕಿದವಳು. ಆ ಹಾಡಿನ ಹತ್ತೊಂಬತ್ತು ನುಡಿಗಳಲ್ಲಿ ಈಗ ಅವಳ ನೆನಪಿನಲ್ಲಿ ಉಳಿದಿರುವುದು ಹನ್ನೊಂದು. ಅವೂ ಹಾರಿಹೋಗುವ ಮುಂಚೆ ಪುಸ್ತಕವಾಗಲಿ ಎಂಬ ಹುಚ್ಚು ರೇವತಿಗೆ. ಮಹದೇವಪುರದ ಆಫೀಸಿನಲ್ಲಿ ದಿನವಿಡೀ ಆ್ಯಪುಗಳಿಗೆ ಗಂಟೆ, ಬುಟ್ಟಿ, ಕಸದ ಡಬ್ಬಿಯ ಪುಟ್ಟ ಚಿತ್ರ ಬರೆಯುವ ಕೈ, ಆರು ತಿಂಗಳ ಭಾನುವಾರಗಳನ್ನೆಲ್ಲ ಇದಕ್ಕೆ ಸುರಿದಿತ್ತು.

"ತೊಟ್ಟಿಲಲ್ಲಿ ಇದೇನು, ಆಲೂಗಡ್ಡೆನಾ?" ಎಂದಳು ಪ್ರಕಾಶನದ ಒಡತಿ ಕಾವೇರಿ.

"ಗುಂಡುಕಲ್ಲು, ಮೇಡಂ. ನಮ್ಮ ಕಡೆ ಹೆಸರಿಡೋ ದಿನ ಕೂಸಿಗಿಂತ ಮೊದಲು ಖಾರ ಅರೆಯೋ ಕಲ್ಲಿಗೆ ಸ್ನಾನ ಮಾಡಿಸಿ, ಕುಲಾವಿ ಕಟ್ಟಿ ತೊಟ್ಟಿಲಲ್ಲಿ ಮಲಗಿಸ್ತಾರೆ. ಖಾಲಿ ತೊಟ್ಟಿಲು ತೂಗಬಾರದು ಅಂತ. ಅವನು ಕೂಸಿನ ಅಣ್ಣ, ಗುಂಡಣ್ಣ. ಅವನು ಎದ್ದ ಜಾಗದಲ್ಲಿ ಕೂಸು ಮಲಗಬೇಕು."

"ವಾವ್," ಎಂದಳು ಕಾವೇರಿ. ಆ ಮನೆಯಲ್ಲಿ ವಾವ್ ಅಂದರೆ ಬೇಡ ಎಂದರ್ಥ. ಮೂರನೆಯ ಭೇಟಿಯಲ್ಲೇ ರೇವತಿ ಇದನ್ನು ಕಲಿತಿದ್ದಳು.

ಸಲಹೆಗಾರ ಶ್ರೀನಾಥ್ ಮುಂದಕ್ಕೆ ಬಾಗಿದ. ಮೊನ್ನೆಮೊನ್ನೆಯವರೆಗೆ ಬಿಸ್ಕತ್ತು ಮಾರುತ್ತಿದ್ದವನು ಈಗ ಮಕ್ಕಳ ಮನಸ್ಸಿನ ತಜ್ಞನಾಗಿದ್ದ. "ಕಲ್ಲು ಅಂದ್ರೆ ಪೇರೆಂಟ್ಸ್ ಹೆದರ್ತಾರೆ ರೀ. ಮೊಲ ಮಾಡಿ. ಮೊಲ ಸೇಫು."

"ಮೊಲದಿಂದ ಖಾರ ಅರೆಯೋಕಾಗಲ್ಲ ಸರ್."

"ಖಾರಾನೂ ತೆಗೀರಿ. ನೆಗೆಟಿವ್ ಆಗತ್ತೆ."

ಆಯಿಯ ಕತೆಗಳಲ್ಲಿ ರಕ್ಕಸಿಯ ಹೊಟ್ಟೆ ಸೀಳಿ ಏಳು ಮಂದಿ ಅಣ್ಣಂದಿರು ಕೊಡವಿಕೊಂಡು ಏಳುತ್ತಿದ್ದರು. ಮೂರನೆಯವನು ಏಳುವಷ್ಟರಲ್ಲಿ ರೇವತಿ ಗೊರಕೆ ಹೊಡೆಯುತ್ತಿದ್ದಳು. ಈ ಪುಣ್ಯಾತ್ಮರ ಮಕ್ಕಳಿಗೋ ಮೆಣಸಿನಕಾಯಿ ಕಂಡರೆ ನಿದ್ದೆ ಕೆಡುತ್ತದಂತೆ.

"ಹೀಗೆ ಮಾಡೋಣ," ಎಂದಳು ಕಾವೇರಿ. "ಶನಿವಾರ ಬೆಳಿಗ್ಗೆ ಹತ್ತು ಮಕ್ಕಳನ್ನ ಕರೆಸ್ತೀನಿ. ನಿಮ್ಮ ಅಜ್ಜಿ ಬಂದು ಹಾಡ್ಲಿ, ನೀವು ಚಿತ್ರ ತೋರ್ಸಿ. ಮಕ್ಕಳು ಒಪ್ಪಿದ್ರೆ ಕಲ್ಲು, ಇಲ್ಲಾಂದ್ರೆ ಮೊಲ. ಹಾಂ, ಅಜ್ಜಿ ಇಳಕಲ್ ಸೀರೇಲಿ ಬರ್ಲಿ. ಅಥೆಂಟಿಕ್ ಆಗಿರತ್ತೆ."

ಶನಿವಾರ ಜಟ್ಟೆಮ್ಮ ಹೂವಿನ ಪಾಲಿಸ್ಟರ್ ಸೀರೆ ಉಟ್ಟು ಬಂದಳು. "ಇಳಕಲ್ ಸೀರಿ ಮದುವಿಗಿ ಉಡ್ತಾರ. ಇಲ್ಲಿ ಯಾರದ್ದದ ಮದುವಿ?"

ಮಕ್ಕಳು, ತಾಯಂದಿರು ಸೇರಿದ್ದ ಹಜಾರದ ನಡುವೆ ಹಿತ್ತಾಳೆ ಸರಪಳಿಯ ದೊಡ್ಡ ತೊಟ್ಟಿಲು ತೂಗುಬಿಟ್ಟಿದ್ದರು. ಒಳಗೆ ಒಂದು ಚಿಂದಿ ಬಟ್ಟೆಯೂ ಇರಲಿಲ್ಲ. ಶ್ರೀನಾಥ್ ಒಂದು ಕೈಯಲ್ಲಿ ಅದನ್ನು ಜೋರಾಗಿ ತೂಗುತ್ತ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದ.

ಜಟ್ಟೆಮ್ಮ ನೆಟ್ಟಗೆ ಹೋಗಿ ಸರಪಳಿ ಹಿಡಿದು ನಿಲ್ಲಿಸಿದಳು. "ಏನ್ ಮಾಡ್ಲತ್ತೀಯೋ ತಮ್ಮಾ? ಇಷ್ಟು ಓದಿ, ಖಾಲಿ ತೊಟ್ಟಿಲ ತೂಗ್ತಾರೇನು? ನಿಮ್ಮವ್ವ ಏನೂ ಹೇಳಿಕೊಟ್ಟಿಲ್ಲೇನು?"

ಶ್ರೀನಾಥನ ಮುಖ ಕೆಂಪಾಯಿತು. ಅಷ್ಟರಲ್ಲಿ ಅವಳ ಕಣ್ಣು ಹಜಾರದ ಬಾಗಿಲ ಬುಡಕ್ಕೆ ಹೋಗಿತ್ತು. ಆ ತೇಗದ ಬಾಗಿಲು ಗಾಳಿಗೆ ಬಡಿಯದಿರಲೆಂದು ಗುಂಡುಕಲ್ಲೊಂದನ್ನು ಒತ್ತಿಟ್ಟಿದ್ದರು. ಕಾವೇರಿಯ ಅಜ್ಜಿ ಒಂದು ಕಾಲದಲ್ಲಿ ಅರೆದ ಕಲ್ಲು. ಈಗ ಬಂದವರೆಲ್ಲ ಅದಕ್ಕೆ ಚಪ್ಪಲಿ ತಾಗಿಸಿಕೊಂಡು ಓಡಾಡುತ್ತಿದ್ದರು. ಜಟ್ಟೆಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿ, ಸೆರಗಿನಿಂದ ಒರೆಸಿ, ಕರವಸ್ತ್ರದ ಕುಲಾವಿ ಕಟ್ಟಿ ತೊಟ್ಟಿಲಲ್ಲಿ ಮಲಗಿಸಿದಳು. ಹಿಡಿತ ತಪ್ಪಿದ ಬಾಗಿಲು ಹೊರಳಿ ಬಂತು. ಕಾವೇರಿ ಕಣ್ಣಲ್ಲೇ ಸನ್ನೆ ಮಾಡಿದಳು. ಮಕ್ಕಳ ಮನಸ್ಸಿನ ತಜ್ಞ ವಿಡಿಯೋ ಮಾಡುತ್ತಲೇ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಅವನು ಇಲ್ಲಿಯವರೆಗೆ ಮಾಡಿದ ಕೆಲಸಗಳಲ್ಲಿ ಅದೊಂದೇ ಉಪಯೋಗದ್ದು ಎನ್ನಿಸಿತು ರೇವತಿಗೆ.

ಆಯಿ ನೆಲದ ಮೇಲೆ ಕೂತು ಹಾಡಿದಳು. ದನಿ ಒಡೆದಿತ್ತು.

"ಮೊದಲ ಮಲಗ್ಯಾನ ಗುಂಡಣ್ಣ, ಅವನಿಗಿ ಕಣ್ಣಿಲ್ಲ ಅಳುವಿಲ್ಲ,
ಅಣ್ಣ ಕಾಸಿದ ಜಾಗದಾಗ ಮಲಗ ನನ್ನ ಕರಿಯ ಕೂಸ."

ರೇವತಿ ಒಂದೊಂದೇ ಹಾಳೆ ತಿರುಗಿಸಿದಳು. ಜಿಂಕೆಯ ಕೊಂಬಿಗೆ ನೇತಾಡುತ್ತಿದ್ದ ಸಂಜು ಎಂಬ ಹುಡುಗ ಇಳಿದು ಬಂದ. ರಶ್ಮಿ ಎಂಬ ಐದು ವರ್ಷದ ಹುಡುಗಿ ತೊಟ್ಟಿಲೊಳಗೆ ಇಣುಕಿ, "ಇವನಿಗೆ ನಿಜವಾಗ್ಲೂ ಕಣ್ಣಿಲ್ವಾ?" ಎಂದಳು.

"ಇಲ್ಲವ್ವ. ಅದಕ್ಕೇ ಅವಗ ಕತ್ತಲಿ ಅಂದ್ರ ಅಂಜಿಕಿ ಇಲ್ಲ."

ಐದನೆಯ ನುಡಿಗೆ ಸಂಜು ಆಯಿಯ ತೊಡೆಯ ಮೇಲೆ ತಲೆಯಿಟ್ಟ. ಎಂಟನೆಯದಕ್ಕೆ ಒಬ್ಬ ತಾಯಿಯ ಹೆಗಲ ಮೇಲೆ ಅಷ್ಟು ಹೊತ್ತೂ ಅರಚುತ್ತಿದ್ದ ಹಸುಗೂಸು ಬಾಯಿ ತೆರೆದುಕೊಂಡೇ ಮಲಗಿಬಿಟ್ಟಿತು. ಗೆದ್ದೆ ಅಂದುಕೊಂಡಳು ರೇವತಿ.

ಕಾವೇರಿ ಕೈ ಜೋಡಿಸಿಕೊಂಡು ಪಿಸುಗುಟ್ಟಿದಳು. "ಬ್ರಿಲಿಯಂಟ್! ಮೊಲ ಕ್ಯಾನ್ಸಲ್. ಕಲ್ಲೇ ಇರ್ಲಿ. ಒಂದೇ ಒಂದು ಚಿಕ್ಕ ಚೇಂಜು, ಕಣ್ಣು ಹಾಕಿ. ದೊಡ್ಡ ಕಣ್ಣು, ಉದ್ದ ರೆಪ್ಪೆ, ಒಂದು ಸ್ಮೈಲು."

"ಬೊಂಬೆನೂ ಮಾಡ್ಬಹುದು," ಬಾಗಿಲ ಬುಡದಿಂದ ಶ್ರೀನಾಥ್ ದನಿಗೂಡಿಸಿದ. "ಮೆತ್ತಗಿರೋ ಕಲ್ಲು."

"ಹಾಡಲ್ಲೇ ಕಣ್ಣಿಲ್ಲ ಅಂತಿದೆ ಮೇಡಂ."

"ಹಾಡು ಬದಲಾಯಿಸೋಣ. ಕಣ್ಣಿಲ್ಲ ಅಂದ್ರೆ ಮಕ್ಕಳಿಗೆ ಬೇಜಾರಾಗತ್ತೆ."

ಯಾವ ಮಕ್ಕಳಿಗೆ? ಒಬ್ಬರಿಗೂ ಬೇಜಾರಾದಂತೆ ಕಾಣಲಿಲ್ಲ. ಆದರೂ ಕಾವೇರಿ ಮುಂದೆ ಚಾಚಿದ ಪೆನ್ಸಿಲನ್ನು ರೇವತಿ ತೆಗೆದುಕೊಂಡಳು. ಇಷ್ಟು ಹೊತ್ತು ಇವರನ್ನೆಲ್ಲ ಒಳಗೊಳಗೇ ಉಗಿಯುತ್ತಿದ್ದವಳ ಕೈಯೇ ಮುಂದೆ ಹೋಗಿತ್ತು. ಹಾಳೆಗೆ ಎರಡು ಚುಕ್ಕಿ. ಹದಿನಾಲ್ಕು ಹಾಳೆಗೆ ಇಪ್ಪತ್ತೆಂಟು. ಅಷ್ಟಿಟ್ಟರೆ ಪುಸ್ತಕ, ರಟ್ಟಿನ ಮೇಲೆ ಹೆಸರು, ಇಂದಿರಾನಗರದ ಅಂಗಡಿಯ ಗಾಜಿನ ಹಿಂದೆ ಆಯಿಯ ಹಾಡು. ತನ್ನ ಮೇಲೇ ಹೇಸಿಗೆಯಾಗುತ್ತಿದ್ದರೂ ಮೊದಲ ಹಾಳೆಯ ಕಲ್ಲಿನ ಮೇಲೆ ಪೆನ್ಸಿಲಿನ ಮೊನೆ ಊರಿದಳು.

ರಶ್ಮಿ ಅವಳ ಕುರ್ತಾ ಜಗ್ಗಿದಳು. "ಹಾಕ್ಬೇಡ ಅಕ್ಕ. ಎದ್ಬಿಡ್ತಾನೆ."

ರೇವತಿ ಪೆನ್ಸಿಲ್ ಕೆಳಗಿಟ್ಟಳು. ಹಾಳೆಗಳನ್ನು ಒಟ್ಟುಮಾಡಿ ಚೀಲಕ್ಕೆ ತುಂಬಿದಳು. "ಆಗಲ್ಲ ಮೇಡಂ."

ಕಾವೇರಿಯ ಮುಖದಿಂದ ನಗು ಇಳಿಯಿತು. "ನೋಡಿ, ಫಸ್ಟ್ ಬುಕ್ಕಿಗೇ ಇಷ್ಟು ಧಿಮಾಕು ಬೇಡ. ಬೇರೆ ಆರ್ಟಿಸ್ಟ್ ಕೈಲಿ ಮಾಡಿಸ್ತೀವಿ. ಜೋಗುಳ ಫೋಕ್ ರೀ, ಯಾರ ಸ್ವತ್ತೂ ಅಲ್ಲ."

"ಮಾಡಿಸ್ಕೊಳ್ರಿ ಅಮ್ಮಾರ," ಎಂದಳು ಜಟ್ಟೆಮ್ಮ, ನಿದ್ದೆಹೋಗಿದ್ದ ಸಂಜುವಿನ ತಲೆಯನ್ನು ಮೆಲ್ಲಗೆ ಸೋಫಾದ ದಿಂಬಿನ ಮೇಲಿಟ್ಟು ಏಳುತ್ತ. "ಹಾಡಿಗಿ ನಾ ಏನು ಕೀಲಿ ಹಾಕೀನೇನು? ಖರೆ, ಕಲ್ಲಿಗಿ ಕಣ್ಣ ಹಚ್ಚಿದ್ರ ದೇವರಾಗ್ತದ. ಆಮ್ಯಾಲ ನಿಮಗ ಖಾರ ಅರಿಲಾಕ ಯಾರು ಬರ್ತಾರ, ಮೊಲ ಏನು?"

ಒಬ್ಬಿಬ್ಬರು ತಾಯಂದಿರು ನಕ್ಕೇಬಿಟ್ಟರು. ಅಜ್ಜಿ ಮೊಮ್ಮಗಳು ಮೆಟ್ಟಿಲಿಳಿದು ಮಾವಿನ ಮರದ ಹತ್ತಿರ ಬಂದಿರಬಹುದು, ಹಿಂದಿನಿಂದ ಶ್ರೀನಾಥ್ ಕಾಗದ ಬೀಸುತ್ತ ಓಡಿಬಂದ. "ಅಜ್ಜೀ, ಒಂದ್ನಿಮಿಷ! ಆ ವಿಡಿಯೋಗೆ ಒಂದು ಸೈನ್..."

ಅವನು ಬಾಗಿಲು ಬಿಟ್ಟು ಬಂದಿದ್ದ. ಕಲ್ಲು ತೊಟ್ಟಿಲಲ್ಲೇ ಇತ್ತು. ತೇಗದ ಬಾಗಿಲು ಗಾಳಿಗೆ ಹೊರಳಿ ದಢಾರೆಂದು ಬಡಿದುಕೊಂಡಿತು. ಒಳಗೆ ಹಸುಗೂಸು ಕಿಟಾರನೆ ಕಿರುಚಿತು. ಅದರ ಹಿಂದೆಯೇ ಸಂಜು, ಅವನ ಹಿಂದೆ ಇನ್ನೊಂದು, ಮತ್ತೊಂದು. ಹಿತ್ತಾಳೆಯದೇನೋ ಉರುಳಿಬಿದ್ದ ಸದ್ದು. "ಶ್ರೀನಾಥ್! ಬಾಗ್ಲು!" ಎಂದು ಕಾವೇರಿ ಅರಚುವುದು ರಸ್ತೆಗೂ ಕೇಳಿಸಿತು.

ಜಟ್ಟೆಮ್ಮ ಹಿಂದಿರುಗಿ ನೋಡಲಿಲ್ಲ. ಕಾಗದವನ್ನು ಕೈಯಲ್ಲೇ ಹಿಡಿದು ಬಾಗಿಲಿಗೂ ಗೇಟಿಗೂ ನಡುವೆ ನಿಂತಿದ್ದವನಿಗೆ ನಡೆಯುತ್ತಲೇ ಹೇಳಿದಳು.

"ಹೋಗಪ್ಪಾ, ಹೋಗಿ ಮಲಗಿಸು."