ಹಗ್ಗ ಹಿಡಿದವನ ಬಾಯಿ

ಬಡಾಯಿ ಒಂದು ಸಲ ಕೆಮ್ಮಿದ್ದಕ್ಕೆ ಚರ್ಮದ ಕಾರ್ಖಾನೆಯ ಹೊಗೆಗೊಳವೆ ಎರಡು ಗೇಣು ವಾಲಿತ್ತು. ನಂಬದವರು ಹೋಗಿ ನೋಡಬಹುದು, ಈಗಲೂ ವಾಲಿಕೊಂಡೇ ಇದೆ. ಅದೇ ಬಡಾಯಿ ಬೆಳಿಗ್ಗೆ ಉಸಿರು ಬಿಗಿಹಿಡಿದು ಕೊಳಚೆ ತೊಟ್ಟಿಗೆ ಇಳಿದರೆ ಊಟದ ಗಂಟೆಗೆ ಎದ್ದು ಬಂದು ಆ ಉಸಿರು ಬಿಡುತ್ತಿದ್ದ. ಆ ಗಾಳಿಗೆ ಅಂಗಳದಲ್ಲಿ ಹರವಿದ್ದ ಮುನ್ನೂರು ಹಸಿ ತೊಗಲು ಒಂದೇ ಏಟಿಗೆ ಗರಿಗರಿ ಒಣಗುತ್ತಿದ್ದವು.

"ಎಲ್ಲಾ ಒಣಗುತ್ತೆ, ನಿನ್ನ ನಾಲಿಗೆ ಮಾತ್ರ ಒಣಗಲ್ಲ ನೋಡು ಬೋಳಿಮಗನೆ!" ಮೇಸ್ತ್ರಿ ಹಿಂದಿನಿಂದ ಬಂದು ಒದ್ದ. "ಬಾಯಿ ಮುಚ್ಕೊಂಡು ತೊಗಲಿನ ಕೂದಲು ಕೆರಿ."

ಬಡಾಯಿ ತೊಗಲು ನೆನೆಹಾಕಿದ್ದ ಸುಣ್ಣದ ನೀರಿಗೆ ಬೋರಲಾಗಿ ಬಿದ್ದ. ಎದ್ದವನೇ, "ನೋಡಿದ್ರಾ? ನನ್ನನ್ನ ಒದ್ದು ಪಾಪ ಅವನ ಕಾಲೇ ಉಳುಕ್ತು" ಅಂದ. ಕೆಲಸದವರೆಲ್ಲ ನಕ್ಕರು. ಷಡ್ಡಕನೊಬ್ಬ ನಗಲಿಲ್ಲ. ಒಳ್ಳೆಯ ನೀರು ತಂದು ಬಡಾಯಿಯ ಕಣ್ಣು ತೊಳೆದ, ಮೊಣಕೈ ತೊಳೆದ. ಸುಣ್ಣಕ್ಕಿಂತ ಆ ನೀರೇ ಬಡಾಯಿಗೆ ಹೆಚ್ಚು ಉರಿಯಿತು.

ಷಡ್ಡಕ ಅಂದರೆ ಬಡಾಯಿಯ ಹೆಂಡತಿಯ ತಂಗಿಯ ಗಂಡ. ವರ್ಷದ ಹಿಂದೆ ಅವನಂಥ ಪುಕ್ಕಲ ಮೂರು ಲೋಕ ಜಾಲಾಡಿದರೂ ಸಿಗುತ್ತಿರಲಿಲ್ಲ. ಮೇಸ್ತ್ರಿ ಸೀನಿದರೆ ಇವನು ಕೈ ಮುಗಿಯುತ್ತಿದ್ದ. ಧಣಿಯ ಕಾರಿನ ಸದ್ದಿಗೆ ಇವನ ಚಡ್ಡಿ ಒದ್ದೆಯಾದದ್ದನ್ನು ಬಡಾಯಿಯೇ ಓಣಿಗೆಲ್ಲ ಸಾರಿ ಬಂದಿದ್ದ. ಆಗ ಬಡಾಯಿಗೆ ಎಷ್ಟು ಹಾಯಾಗಿತ್ತು! ಪಕ್ಕದಲ್ಲೊಬ್ಬ ಪುಕ್ಕಲ ಇದ್ದರೆ ಯಾರು ಬೇಕಾದರೂ ಶೂರ.

ಕಾರ್ಖಾನೆಯ ಕೊಳಕೆಲ್ಲ ಹೋಗಿ ಬೀಳುವುದು ನೆಲದಡಿಯ ತೊಟ್ಟಿಗೆ. ಅದು ಕಟ್ಟಿಕೊಂಡಾಗ ಸೊಂಟಕ್ಕೆ ಹಗ್ಗ ಬಿಗಿದು ಒಬ್ಬ ಇಳಿಯಬೇಕು. ಮೊದಲು ದೀಪ ಇಳಿಸುತ್ತಾರೆ. ದೀಪ ಆರಿತೆಂದರೆ ಒಳಗೆ ಕೆಟ್ಟ ಗಾಳಿ, ಆಳು ಇಳಿಯಕೂಡದು. ಇಳಿದವನು ಹಾಡುತ್ತಲೇ ಇರಬೇಕು. ಹಾಡು ನಿಂತರೆ ಮೇಲೆ ಹಗ್ಗ ಹಿಡಿದವನು ಹಿಂದೆ ಮುಂದೆ ನೋಡದೆ ಎಳೆಯಬೇಕು. ಇದು ಧಣಿ ಮಾಡಿದ ಕಾನೂನಲ್ಲ, ಸತ್ತವರು ಬಿಟ್ಟು ಹೋದ ಬುದ್ಧಿ.

ಅಂಥ ಬುದ್ಧಿ ಇದ್ದೂ ಹೋದ ವರ್ಷ ಭಾವಮೈದ ಸತ್ತ. ಅಕ್ಕ ತಂಗಿ ಇಬ್ಬರಿಗೂ ಇದ್ದ ಒಬ್ಬನೇ ತಮ್ಮ. ಅವತ್ತು ಹಗ್ಗ ಇದ್ದದ್ದು ಬಡಾಯಿಯ ಕೈಯಲ್ಲಿ. 'ಕುಡಿದಿದ್ದ, ಹೇಳದೆ ಕೇಳದೆ ಇಳಿದ, ಕಾಲು ಜಾರಿದ' ಎಂದು ಧಣಿ ಕಾಗದ ಬರೆಸಿದ. ಬಡಾಯಿ ಹೆಬ್ಬೆಟ್ಟು ಒತ್ತಿದ. ಆಮೇಲೆ ಮನೆಯಲ್ಲಿ ಯಾರಾದರೂ ಆ ಸುದ್ದಿ ತೆಗೆದರೆ ಸಾಕು, ಇವನು ಹೊಗೆಗೊಳವೆಯ ಕಥೆ ಶುರು ಹಚ್ಚುತ್ತಿದ್ದ.

ಷಡ್ಡಕ ಆವತ್ತಿನಿಂದ ತೊಟ್ಟಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಮೇಸ್ತ್ರಿ ಅವನ ಹೆಗಲಿಗೆ ರಕ್ತ ಸೋರುವ ತೊಗಲು ಹೊದಿಸಿ, "ಅಂಬಾ ಅನ್ನೋ ನಾಮರ್ದ" ಎಂದು ಅಂಗಳ ಸುತ್ತಿಸಿದ. ಷಡ್ಡಕ ಅಂಬಾ ಅಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ಬಡಾಯಿ.

ಆಮೇಲೆ ಷಡ್ಡಕ ಭಾನುವಾರಗಳಲ್ಲಿ ಟೈರಿನ ಅಂಗಡಿಯ ಮೇಲಿನ ಕೋಣೆಗೆ ಪ್ರಾರ್ಥನೆಗೆ ಹೋಗತೊಡಗಿದ. ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಅಲ್ಲಿ ನಾಲ್ಕು ಜನರನ್ನು ಕೂಡಿಸಿಕೊಂಡು ಯೇಸುವಿನ ಮಾತು ಹೇಳುತ್ತಿದ್ದಳು. ಮೂರು ತಿಂಗಳಾಗಿತ್ತೋ ಇಲ್ಲವೋ, ಷಡ್ಡಕ ತಾನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಯೇಸುವಿನ ಹಾಡು ಹೇಳುತ್ತ ತೊಟ್ಟಿಗೆ ಇಳಿದ. ಹೇಳುತ್ತಲೇ ಮೇಲೆ ಬಂದ.

ಅಲ್ಲಿಗೆ ಬಡಾಯಿಯ ನಿದ್ದೆ ಹೋಯಿತು.

"ನಮ್ಮ ತಂಗಿ ಪುಣ್ಯವಂತೆ," ಹೆಂಡತಿ ಅನ್ನ ಬಡಿಸುತ್ತ ಅಂದಳು. "ಅವಳ ಗಂಡ ಈಗ ನಿದ್ದೇಲಿ ಬೆಚ್ಚಿ ಬೀಳಲ್ವಂತೆ."

"ನಾನು ಯಾವತ್ತು ಬಿದ್ದಿದ್ದೀನಿ?"

"ನೀನು ಬೀಳಲ್ಲ, ಮಾತಾಡ್ತೀಯ. ಎಳೀರೋ ಎಳೀರೋ ಅಂತೀಯ."

ಬಡಾಯಿ ಚೊಂಬೆತ್ತಿ ನೀರು ಕುಡಿದ. "ಹೊಗೆಗೊಳವೆ ಎಳೀತಿದ್ದೆ ಕಣೇ. ನಾನೇ ಸೊಟ್ಟ ಮಾಡಿದ್ದಲ್ವಾ, ನಾನೇ ನೆಟ್ಟಗೆ ಮಾಡ್ಬೇಕಲ್ಲ."

ಹೆಂಡತಿ ನಗಲಿಲ್ಲ. ಈಚೆಗೆ ಅವಳು ನಗುವುದೆಲ್ಲ ತಂಗಿಯ ಮನೆಯಲ್ಲೇ.

ಷಡ್ಡಕನ ಹತ್ತಿರ ಏನೋ ಇದೆ, ಬಚ್ಚಿಟ್ಟುಕೊಂಡಿದ್ದಾನೆ ಎನ್ನುವುದು ಬಡಾಯಿಗೆ ಖಾತ್ರಿಯಾಯಿತು. ಮೊಳೆಗೆ ತೂಗುಹಾಕಿದ್ದ ಅವನ ಅಂಗಿಯ ಜೇಬು ಜಾಲಾಡಿದ. ಸಿಮೆಂಟ್ ಚೀಲದ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಹಾಡೊಂದು ಸಿಕ್ಕಿತು. ಅದನ್ನೇ ಕದ್ದು ತನ್ನ ಜೇಬಿಗೆ ಹಾಕಿಕೊಂಡು ತೊಟ್ಟಿಯ ಬಾಯಿಗೆ ಹೋಗಿ ಇಣುಕಿದ. ಎಂದಿನಂತೆ ಎರಡು ಹೆಜ್ಜೆ ಹಿಂದೆ ಸರಿದ. ಓದು ಬಾರದವನ ಜೇಬಿನಲ್ಲಿ ಅದು ಕೆಲಸ ಮಾಡುವುದಿಲ್ಲವೇನೋ ಎಂದುಕೊಂಡು ಮಾರನೆಯ ದಿನ ವಾಪಸ್ ತುರುಕಿಟ್ಟ. ಹೊಟ್ಟೆಯ ಉರಿ ಮಾತ್ರ ವಾಪಸ್ ಹೋಗಲಿಲ್ಲ.

"ನಿಜ ಹೇಳೋ," ಬೀಡಿ ಹಚ್ಚುತ್ತ ಕೇಳಿಯೇ ಬಿಟ್ಟ. "ಭಯ ಪೂರ್ತಿ ಹೋಯ್ತಾ?"

"ಎಲ್ಲಿ ಹೋಗುತ್ತಣ್ಣ. ಇದ್ದೇ ಇದೆ," ಷಡ್ಡಕ ಅಂದ. "ಮೊದ್ಲು ಭಯದ ಜೊತೆ ನಾನೊಬ್ನೇ ಇದ್ದೆ. ಈಗ ಒಬ್ನೇ ಅಲ್ಲ, ಅಷ್ಟೆ."

ಕಳ್ಳ, ಪೂರ್ತಿ ಹೇಳುತ್ತಿಲ್ಲ ಎಂದುಕೊಂಡ ಬಡಾಯಿ.

ಶುಕ್ರವಾರ ತೊಟ್ಟಿ ಕಟ್ಟಿಕೊಂಡಿತು. ಧಣಿಯೇ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ಬಂದು ನಿಂತ. ದೀಪ ಇಳಿಸಿದರು, ಆರಿತು. ಹಚ್ಚಿ ಮತ್ತೆ ಇಳಿಸಿದರು, ಮತ್ತೆ ಆರಿತು.

"ಆರಿದ್ರೆ ಆರ್ಲಿ," ಧಣಿ ಷಡ್ಡಕನ ಕಡೆ ತಿರುಗಿದ. "ನಿನಗೇನೋ? ಕೆಳಗೂ ನಿನ್ನ ಯೇಸು ಇರ್ತಾನಲ್ಲ. ಇಳಿ."

ಮೇಸ್ತ್ರಿ ಕಿಸಕ್ಕನೆ ನಕ್ಕ. ಷಡ್ಡಕ ಇಳಿಯಲೆಂದು ಸೊಂಟಕ್ಕೆ ಕಟ್ಟಿಕೊಂಡಿದ್ದ ಹಗ್ಗ ಬಿಚ್ಚಿದ. ಕಬ್ಬಿಣದ ಮುಚ್ಚಳವನ್ನು ಎರಡೂ ಕೈಯಲ್ಲಿ ತಳ್ಳಿ ತೊಟ್ಟಿಯ ಬಾಯಿ ಮುಚ್ಚಿದ. ಅದರ ಮೇಲೆ ಕುಳಿತ.

"ಧಣಿ, ನೀವು ಇಳಿ ಅಂದಲ್ಲೆಲ್ಲ ಇಳಿಯೋಕೆ ಯೇಸು ನಿಮ್ಮ ಆಳಲ್ಲ. ನಾನೂ ಇಳಿಯಲ್ಲ. ಯಾರನ್ನೂ ಇಳಿಸೋಕೆ ಬಿಡಲ್ಲ."

ಅವನ ಕಾಲು ಎಷ್ಟು ನಡುಗುತ್ತಿತ್ತೆಂದರೆ ಮುಚ್ಚಳ ಟಕಟಕ ಬಡಿದುಕೊಳ್ಳುತ್ತಿತ್ತು. ಬಡಾಯಿ ಅದನ್ನು ನೋಡಿದ. ಇವನು ಹೆದರಿದ್ದಾನೆ. ನನ್ನಷ್ಟೇ ಹೆದರಿದ್ದಾನೆ. ಹೆದರಿಕೊಂಡೇ ಕೂತಿದ್ದಾನಲ್ಲ, ಸೂಳೆಮಗ! ಆ ಮುಚ್ಚಳದ ಮೇಲೆ ವರ್ಷದ ಹಿಂದೆಯೇ ತಾನು ಕೂರಬೇಕಿತ್ತು ಎನ್ನುವುದು ಎದೆಯಲ್ಲಿ ಕೆಂಡದ ಹಾಗೆ ಎದ್ದಿತು. ಬಾಯಿಂದ ಬಂದದ್ದು ಬೇರೆ.

"ನಾನಿಳೀತೀನಿ ಧಣಿ!"

"ಬೇಡಣ್ಣ." ಷಡ್ಡಕ ಕೂತಲ್ಲಿಂದಲೇ ಅವನ ಮಣಿಕಟ್ಟು ಹಿಡಿದ.

"ನೋಡ್ರೋ, ಇವನು ಗಂಡಸು," ಧಣಿ ಬಡಾಯಿಯ ಬೆನ್ನು ತಟ್ಟಿದ. "ಹೆಬ್ಬೆಟ್ಟು ಒತ್ತು ಅಂದ್ರೂ ಒತ್ತುತ್ತಾನೆ, ಇಳಿ ಅಂದ್ರೂ ಇಳೀತಾನೆ. ಇಂಥ ನಾಯಿ ಹತ್ತಿದ್ರೆ ಸಾಕು ನಂಗೆ."

ಮೇಸ್ತ್ರಿ ಷಡ್ಡಕನ ಬಾಯಿಗೆ ಗುದ್ದಿದ. ತುಟಿ ಸೀಳಿತು. ಷಡ್ಡಕ ಏಳಲಿಲ್ಲ. ಆಗ ಕೂದಲು ಕೆರೆಯುತ್ತಿದ್ದ ಮುದುಕ ಕತ್ತಿ ಕೆಳಗಿಟ್ಟು ಬಂದು ಅವನ ಪಕ್ಕ ಕುಳಿತ. ತೊಗಲಿಗೆ ಬಣ್ಣ ಹಾಕುವವನು ಬಂದ. ಉಪ್ಪು ಹೊರುವ ಹೆಂಗಸರು ಬಂದರು. ಮುಚ್ಚಳದ ಮೇಲೆ ಜಾಗ ಸಾಲದೆ ಸುತ್ತ ನೆಲದ ಮೇಲೆ ಕುಳಿತರು. ಧಣಿಯ ಕಡೆ ನಿಂತಿದ್ದವರು ಮೇಸ್ತ್ರಿ ಮತ್ತು ಬಡಾಯಿ, ಇಬ್ಬರೇ. ಅವತ್ತು ತೊಟ್ಟಿಗೆ ಯಾರೂ ಇಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಬಡಾಯಿ ಟೈರಿನ ಅಂಗಡಿಯ ಮೆಟ್ಟಿಲು ಹತ್ತಿದ. ಅಲ್ಲಿ ಹಾಡು ಮುಗಿದ ಮೇಲೆ ಯಾರು ಬೇಕಾದರೂ ಎದ್ದು ನಿಂತು ದೇವರು ತನಗೆ ಮಾಡಿದ್ದನ್ನು ಹೇಳಬಹುದಿತ್ತು. ಅದಕ್ಕೆ ಸಾಕ್ಷಿ ಎನ್ನುತ್ತಿದ್ದರು. ತುಟಿ ಊದಿದ ಷಡ್ಡಕನನ್ನು ಎಲ್ಲರೂ ಮುತ್ತಿಕೊಂಡಿದ್ದನ್ನು ಕಂಡು ಬಡಾಯಿಗೆ ತಡೆಯಲಾಗಲಿಲ್ಲ. ಎದ್ದೇ ಬಿಟ್ಟ.

"ಮುಚ್ಚಳದ ಮೇಲೆ ಮೊದಲು ಕೂತಿದ್ದು ನಾನು! ನಾನು ಕೂತ ಬಿಸಿಗೆ ಕಬ್ಬಿಣ ಕರಗಿ ಹರೀತು. ಧಣಿ ಗಡಗಡ ನಡುಗಿ ನನ್ನ ಕಾಲಿಗೆ ಬಿದ್ದ, 'ಎಲ್ಲಾದ್ರೂ ಕೆಮ್ಮಬೇಡಪ್ಪ, ಇರೋದು ಒಂದೇ ಹೊಗೆಗೊಳವೆ' ಅಂದ..."

ಎಲ್ಲರೂ ನಕ್ಕರು. ಊದಿದ ತುಟಿಯಲ್ಲೇ ಷಡ್ಡಕನೂ ನಕ್ಕ. ನಾದಿನಿ ಮಾತ್ರ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೂತಿದ್ದಳು.

"ಭಾವ," ಅಂದಳು. "ಒಂದು ವರ್ಷದಿಂದ ಕೇಳ್ಬೇಕು ಅಂತಿದ್ದೆ. ಅವತ್ತು ಕೊನೇಲಿ ನನ್ನ ತಮ್ಮ ಯಾವ ಹಾಡು ಹೇಳ್ತಿದ್ದ?"

ಬಡಾಯಿ ಬಾಯಿ ತೆರೆದ. ಸುಳ್ಳು ಹೇಳಬೇಕೆಂದರೆ ಲೋಕದಲ್ಲಿ ಸಾವಿರ ಹಾಡಿದ್ದವು. ಒಂದೂ ಬರಲಿಲ್ಲ. ತಂಗಿಯ ಜೊತೆ ಬಂದಿದ್ದ ಹೆಂಡತಿ ಮೂಲೆಯಿಂದ ಎದ್ದು ಮುಂದೆ ಬಂದಳು. ಷಡ್ಡಕ ಬಂದು ಬಡಾಯಿಯ ಪಕ್ಕದಲ್ಲಿ ನಿಂತ.

"ಗೊತ್ತಿಲ್ಲ ಕಣವ್ವ," ಬಡಾಯಿ ಅಂದ. ಅಷ್ಟು ಸಣ್ಣ ದನಿ ಅವನಿಗೆ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ. "ಅವನು ಕುಡಿದಿರ್ಲಿಲ್ಲ. ದೀಪ ಆರಿತ್ತು, ಎರಡು ಸಲ. ಧಣಿ ಇಳಿಸು ಅಂದ್ರು, ಇಳಿಸ್ದೆ. ನಾಳೆ ಠಾಣೆಗೆ ಹೋಗಿ ಇದನ್ನೇ ಹೇಳ್ತೀನಿ, ಆ ಹೆಬ್ಬೆಟ್ಟು ನಂದು, ಸುಳ್ಳು ಅಂತೀನಿ. ಹಾಡು... ಹಾಡು ಯಾವಾಗ ನಿಲ್ತೋ ನಂಗೆ ಕೇಳಿಸ್ಲಿಲ್ಲ. ಕೈಲಿ ಹಗ್ಗ ಇತ್ತು. ನಾನು ಮೇಲೆ ನಿಂತು ಅದೇ ಕೆಮ್ಮಿನ ಕಥೆ ಹೇಳ್ತಿದ್ದೆ. ಎಲ್ಲಾ ನಗ್ತಿದ್ರು."

ಕಿಟಕಿಯಾಚೆ ಕಾರ್ಖಾನೆ ಕಾಣುತ್ತಿತ್ತು. ಬಡಾಯಿ ಅತ್ತ ನೋಡಿದ.

"ಆ ಹೊಗೆಗೊಳವೆ," ಅಂದ, "ನಾನು ಕೆಲಸಕ್ಕೆ ಸೇರೋಕೆ ಮುಂಚಿನಿಂದ್ಲೂ ವಾಲಿಕೊಂಡೇ ಇತ್ತು."