ನೀರು ಹಾಕಿದವರು ಯಾರು

ಶಿವಗಂಗಾ ಮತ್ತು ಮಲಕಪ್ಪನಿಗೆ ಬೆಂಗಳೂರಿನಲ್ಲಿ ಒಂದು ಮನೆ ಇತ್ತು. ಪೂರ್ವಕ್ಕೆ ಬಾಗಿಲು, ಹಿತ್ತಲಲ್ಲಿ ಬಾವಿ, ಬಾವಿಯ ಮಗ್ಗುಲಿಗೆ ಬದನೆ, ಮೆಣಸಿನ ಗಿಡ, ಒಂದಷ್ಟು ಕೋಳಿ. ಟ್ಯಾಂಕರ್ ಕಾಯುವ ಗೋಳಿಲ್ಲ, ಓನರಿನ ಕಿರಿಕಿರಿ ಇಲ್ಲ. ಹೇಗಿದ್ದೀತು? ಆ ಮನೆ ಇದ್ದದ್ದು ಒಂದು ಆನ್‌ಲೈನ್ ಗೇಮಿನಲ್ಲಿ. ನಗಬೇಡಿ. ಮದುವೆಯಾದಾಗಿನಿಂದ ಆ ಗಂಡಹೆಂಡತಿ ಜೊತೆಯಾಗಿ ದಾಟಿದ ಹೊಸ್ತಿಲು ಈ ಊರಲ್ಲಿ ಅದೊಂದೇ.

ಇಬ್ಬರೂ ಕೊಪ್ಪಳದ ಕಡೆಯವರು. ಅವನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನು ನಡೆಸುತ್ತಿದ್ದ. ಈರಣ್ಣ, ಸಂಗಣ್ಣ ಎಂಬ ಗೆಳೆಯರ ಜೊತೆ ಒಂದೇ ರೂಮಿನಲ್ಲಿ ವಾಸ. ಅವಳು ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡು ಟೆಸ್ಟ್ ಮಾಡುವವಳು. ಚಂದಾಪುರದ ಲೇಡೀಸ್ ಪಿ.ಜಿ.ಯಲ್ಲಿ ಒಂದು ಮಂಚ. ಇಬ್ಬರ ನಡುವೆ ಇಡೀ ಬೆಂಗಳೂರು ಅಡ್ಡ ಮಲಗಿತ್ತು. ಭಾನುವಾರ ಸಿಕ್ಕರೆ ಸಿಕ್ಕಂತೆ. ಅವನ ಪಾಳಿ ಮುಗಿಯುವ ಹೊತ್ತಿಗೆ ಇವಳದು ಅರ್ಧಕ್ಕೆ ಬಂದಿರುತ್ತಿತ್ತು. ಚಹಾದ ಬಿಡುವಿನಲ್ಲಿ ಫೋನು ಹಚ್ಚಿದರೆ ಕ್ಯಾಂಟೀನಿನ ಗದ್ದಲದಲ್ಲಿ ಒಂದು ಮಾತೂ ಕೇಳಿಸುತ್ತಿರಲಿಲ್ಲ.

ಹಾಗಾಗಿ ಗೇಮಿನ ಮನೆ. ಅವನು ಕೆಲಸ ಮುಗಿಸಿ ಬಂದು, ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ ಗೇಮ್ ತೆರೆದು, ಗಿಡಗಳಿಗೆ ನೀರು ಹಾಕಿ, ಬಾಗಿಲ ಪಕ್ಕದ ಹಲಗೆಯ ಮೇಲೆ ಅವಳಿಗೊಂದು ಮಾತು ಬರೆದಿಡುವುದು. ಅವಳು ಚಹಾದ ಬಿಡುವಿನಲ್ಲಿ ಲಾಕರಿನಿಂದ ಫೋನು ತೆಗೆದು ಒದ್ದೆ ಮಣ್ಣು ನೋಡಿ, ಅವನ ಮಾತು ಓದಿ, ಮೊಟ್ಟೆ ಆರಿಸಿ, ಅಂದಿನ ಕಥೆಯನ್ನೆಲ್ಲ ಬರೆಯುವುದು. ಅವನದು ಒಂದು ಸಾಲು, ಇವಳದು ಒಂದು ಪುರಾಣ. ಗಂಡಸರು ಹೆಚ್ಚು ಮಾತಾಡುವುದಿಲ್ಲ ಎಂದು ಅವಳೇ ಅವನ ಪರವಾಗಿ ಸಮಾಧಾನ ಹೇಳಿಕೊಂಡಿದ್ದಳು.

ಅಷ್ಟರಲ್ಲಿ ಗೇಮಿನ ಕಂಪನಿಯವರು ಹೊಸ ವರ್ಷನ್ ಬಿಟ್ಟರು. ಅದರಲ್ಲಿ ಬದನೆಗಿಡ ಇಲ್ಲ. ಕೋಟೆ, ತಂಡ, ಯುದ್ಧ. ಹಳೆಯದೂ ನಡೆಯುತ್ತಿತ್ತು, ಆದರೆ ಈರಣ್ಣ, ಸಂಗಣ್ಣ ಎಲ್ಲರೂ ಹೊಸದಕ್ಕೆ ಹಾರಿದರು. ಶಿವಗಂಗಾಳ ಹಳೇ ಫೋನಿಗೆ ಹೊಸದು ಹತ್ತುವುದಿಲ್ಲ. ಮಲಕಪ್ಪನ ಕಂಪ್ಯೂಟರಿನಲ್ಲೋ, ಎರಡಕ್ಕೂ ಒಂದೇ ಹೆಸರಿನ ಫೋಲ್ಡರ್ ಬೇಕು. ಹೊಸದನ್ನು ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ.

"ಬಿಡು, ನಾ ಹಳೇದ ಇಟ್ಕೋತೀನಿ," ಎಂದಿದ್ದ ಮಲಕಪ್ಪ, ಮದುವೆಮನೆಯಲ್ಲಿ ಊಟಕ್ಕೆ ಕರೆಯದೆ ಬಿಟ್ಟ ಮಗುವಿನ ಮೋರೆ ಮಾಡಿಕೊಂಡು.

ಅವಳಿಗೆ ಕರುಳು ಚುರುಕ್ಕೆಂದಿತು. ಕಾರ್ಖಾನೆಯಲ್ಲಿ ಅವಳ ನಿತ್ಯದ ಕೆಲಸವೇ ಅದು: ಹಳೇ ಬ್ಯಾಚಿನ ಬೋರ್ಡು ಬಂದರೆ ಹಳೇ ಪ್ರೋಗ್ರಾಮು, ಹೊಸ ಬ್ಯಾಚು ಬಂದರೆ ಹೊಸದು, ಒಂದು ಪುಟ್ಟ ಸ್ಕ್ರಿಪ್ಟ್ ಒತ್ತಿದರೆ ಅದು ಹೋಗಿ ಇದು ಬರುತ್ತದೆ. ಮುಂದಿನ ಭಾನುವಾರ ಅಂಥದ್ದನ್ನೇ ಗಂಡನಿಗೆ ಬರೆದುಕೊಟ್ಟಳು. ಒಮ್ಮೆ ಒತ್ತಿದರೆ ಹಳೇ ಫೋಲ್ಡರ್ ಬೇರೆ ಹೆಸರಿನಲ್ಲಿ ಅಡಗಿ ಹೊಸ ಆಟ ತೆರೆಯುತ್ತದೆ. ಇನ್ನೊಮ್ಮೆ ಒತ್ತಿದರೆ ಹಳೆಯದು.

"ಎರಡೂ ಇರ್ಲಿ ನಿಮಗ," ಎಂದಳು ಹೆಮ್ಮೆಯಿಂದ.

ಅವನು ಆ ಸ್ಕ್ರಿಪ್ಟಿಗೆ 'ಗಂಗಾ' ಎಂದು ಹೆಸರಿಟ್ಟ. ಹೆಂಡತಿಯ ಹೆಸರನ್ನು ಕಂಪ್ಯೂಟರಿನ ತಲೆಯ ಮೇಲೆ ಇಟ್ಟುಕೊಂಡವನನ್ನು ಯಾವ ಹೆಂಡತಿ ಅನುಮಾನಿಸಿಯಾಳು? ಬಸ್ಸಿನಲ್ಲಿ ವಾಪಸು ಬರುವಾಗ ಒಬ್ಬಳೇ ನಗುತ್ತ ಬಂದಳು.

ಕೆಲವು ತಿಂಗಳ ಮೇಲೆ ಅವಳ ಕಂಪನಿಯ ಪೀಣ್ಯದ ಘಟಕಕ್ಕೆ ಜನ ಬೇಕಾಯಿತು. ಸೂಪರ್‌ವೈಸರ್ ವೇಣಿ ಕರೆದು ಹೇಳಿದರು: "ನಿಮ್ ಯಜಮಾನ್ರು ಅಲ್ಲೇ ಇದಾರಲ್ಲಮ್ಮ, ಬರೆದುಕೊಡು, ಕಳಿಸ್ತೀನಿ. ಈ ತಿಂಗಳು ಬಿಟ್ರೆ ಇನ್ಯಾವಾಗ ಕೇಳ್ತಾರೋ ಗೊತ್ತಿಲ್ಲ ಕಣೆ."

ಶಿವಗಂಗಾಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಲಕಪ್ಪ ಮಾತ್ರ ರಾಗ ಎಳೆದ. "ರೂಮ್ ಹುಡುಕಬೇಕಲ್ಲ. ಅವಸರ ಏನೈತಿ? ದಿನಾ ಮನ್ಯಾಗ ಭೆಟ್ಟಿ ಆಗ್ತೀವಲ್ಲ."

ಅದೂ ನಿಜವೇ ಅಲ್ಲವೇ ಎಂದುಕೊಂಡಳು. ಜ್ವರ ಬಂದ ದಿನವೂ ನೀರು ತಪ್ಪಿಸದ ಮನುಷ್ಯ. ಅಂಥವನ ಜೊತೆ ಒಂದು ಒಲೆ ಹೂಡಬೇಕು ಎಂಬ ಆಸೆ ಇನ್ನೂ ಜಾಸ್ತಿಯಾಯಿತು. ಭಾನುವಾರ ಎದುರೆದುರೇ ಕೂತು ಒಪ್ಪಿಸಿಬಿಡುತ್ತೇನೆ ಎಂದು ಹೊರಟಳು.

ಅವಳು ಬಂದಳೆಂದು ಮಲಕಪ್ಪ ಕೋಳಿ ತರಲು ಹೋದ. ಗೆಳೆಯರೂ ಹಿಂದೆ ಹೋದರು. ಮೊಟ್ಟೆ ಆರಿಸೋಣವೆಂದು ಶಿವಗಂಗಾ ಕಂಪ್ಯೂಟರಿನ ಮುಂದೆ ಕೂತು 'ಗಂಗಾ' ಒತ್ತಿದಳು.

ಹಳೇ ಆಟ ತೆರೆಯಿತು. ಅವಳು ಮೌಸ್ ಮುಟ್ಟಿರಲಿಲ್ಲ. ಮಲಕಪ್ಪನ ಗೊಂಬೆ ತಾನಾಗಿ ಬಾಗಿಲು ತೆರೆದು ಬಂತು, ನೇರ ಬಾವಿಗೆ ಹೋಯಿತು, ಎಡದಿಂದ ಬಲಕ್ಕೆ ಸಾಲಾಗಿ ನೀರು ಹಾಕಿತು, ಹಲಗೆಯ ಹತ್ತಿರ ನಿಂತು 'ದಣದೀನಿ, ಮಲಗತೀನಿ. ಜ್ವಾಕಿ' ಎಂದು ಬರೆಯಿತು. ಹಳೇ ಆಟ ಮುಚ್ಚಿತು. ಅದರ ಹಿಂದೆಯೇ ಹೊಸ ಆಟ ತೆರೆದುಕೊಂಡು ಕಹಳೆ ಊದಿತು.

ಶಿವಗಂಗಾ ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು. ಆಮೇಲೆ ಸ್ಕ್ರಿಪ್ಟನ್ನು ಬಿಚ್ಚಿದಳು. ಮೇಲಿನ ಸಾಲುಗಳು ಅವಳವು. ಕೆಳಗಿನವು ಇನ್ಯಾರೋ ಸೇರಿಸಿದ್ದು. ದಿನಕ್ಕೊಂದರಂತೆ ಸುತ್ತಿ ಬರುವ ಮೂರು ಮಾತು: 'ಉಂಡೀ?', 'ದಣದೀನಿ, ಮಲಗತೀನಿ. ಜ್ವಾಕಿ', 'ನೆನಪಾತು'.

ಮೊದಲು ಅವಳು ಹುಡುಕಿದ್ದು ಹೆಂಗಸನ್ನು. ಹೊಸ ಆಟದ ಮೂಲೆಮೂಲೆ ನೋಡಿದಳು. ಸಿಕ್ಕವರು ಈರಣ್ಣ, ಸಂಗಣ್ಣ, ಒಂದು ಕೋಟೆ, ಒಂದು ರಾಶಿ ಕತ್ತಿ. ಸವತಿ ಇದ್ದಿದ್ದರೆ ಬಯ್ಯಲು ಒಂದು ಹೆಸರಾದರೂ ಸಿಗುತ್ತಿತ್ತು. ಇಲ್ಲಿ ಯಾರೂ ಇಲ್ಲ. ಅವನಿಗೆ ಆ ಮನೆ ಬೇಸರವಾಗಿತ್ತು, ಅಷ್ಟೇ.

ಕೈ ಸುಟ್ಟುಕೊಂಡ ದಿನ ನೆನಪಾಯಿತು. ಎಡಗೈಯಲ್ಲಿ ಕಷ್ಟಪಟ್ಟು ಬರೆದಿದ್ದಳು: 'ಕೈ ಸುಟ್ಟೈತ್ರಿ, ಆಸ್ಪತ್ರಿಗೆ ಹೊಂಟೀನಿ.' ಮರುದಿನ ಹಲಗೆಯ ಮೇಲೆ ಇದ್ದದ್ದು 'ಉಂಡೀ?' ಪಾಪ, ಗಾಬರಿಗೆ ಏನು ಕೇಳಬೇಕೆಂದೇ ತೋಚಿಲ್ಲ ಎಂದುಕೊಂಡು ಅವನ ಮೇಲೆ ಮರುಗಿದ್ದಳು. ಈಗ ತನ್ನ ಆ ಮರುಕದ ಮೇಲೇ ಹೇಸಿಗೆಯಾಯಿತು.

ಮಲಕಪ್ಪ ಕೋಳಿ ಹಿಡಿದು ಬಂದ. ಗೆಳೆಯರು ಹೊರಗೇ ಉಳಿದಿದ್ದರು. ಅವಳು ಸಾವಕಾಶವಾಗಿ ಕೇಳಿದಳು. "ಗಿಡಕ್ಕ ದಿನಾ ನೀವ ನೀರ ಹಾಕ್ತೀರಲ್ರಿ?"

"ಮತ್ಯಾರ ಹಾಕ್ತಾರ? ನಾನ. ಯಾಕ?"

"ಏನಿಲ್ಲ, ಸುಮ್ನ ಕೇಳಿದೆ."

ನಾಲಿಗೆ ಒಂಚೂರೂ ತಡವರಿಸಲಿಲ್ಲವಲ್ಲ, ಅದು ಅವಳನ್ನು ಕೊಂದಿತು. ಆ ಸಾಲುಗಳನ್ನು ಈರಣ್ಣ ಬರೆದುಕೊಟ್ಟ ಎಂದಿದ್ದರೆ, ಯುದ್ಧದ ಹುಚ್ಚು ಹಿಡಿದಿತ್ತು ಎಂದಿದ್ದರೆ, ಬಯ್ದು, ಅತ್ತು, ಸಾರಿಗೆ ಮಸಾಲೆ ಅರೆಯಲು ಎದ್ದುಬಿಡುತ್ತಿದ್ದಳು. ಅವನು ಹಿತ್ತಲ ನಲ್ಲಿಯಲ್ಲಿ ಕೋಳಿ ತೊಳೆಯುವಾಗ ಅವಳು ಸ್ಕ್ರಿಪ್ಟಿನಲ್ಲಿದ್ದ ಆ ಮೂರು ಮಾತು ಅಳಿಸಿ ಒಂದೇ ಮಾತು ಬರೆದಳು. ಊಟ ಮಾಡಿದಳು. ವರ್ಗಾವಣೆಯ ಮಾತು ಎತ್ತಲಿಲ್ಲ. ಅವನು ಬಸ್ಸು ಹತ್ತಿಸಿ, ಅವಸರವಸರವಾಗಿ ಆಟಕ್ಕೆ ಹಿಂದಿರುಗಿದ.

ಸೋಮವಾರ ಸಂಜೆ ಮಣ್ಣು ಒದ್ದೆಯಾಗಿತ್ತು. ಹಲಗೆಯ ಮೇಲೆ ಮಲಕಪ್ಪನ ಹೆಸರು, ಮಲಕಪ್ಪನ ಫೋಟೋ, ಪಕ್ಕದಲ್ಲಿ: 'ಇದು ನಾ ಅಲ್ಲ.'

'ಗಂಗಾ' ಒತ್ತಿ ಕೈಕಾಲು ತೊಳೆಯಲು ಎದ್ದುಹೋಗುವ ಬದಲು ಒಂದೇ ಒಂದು ಸಲ ಅವನು ಆ ಮನೆಯೊಳಗೆ ಇಣುಕಿದ್ದರೆ ತನ್ನ ಹೆಸರಿನಲ್ಲಿ ಏನು ಬರೆದಿದೆ ಎಂದು ಕಾಣುತ್ತಿತ್ತು. ಗಾಬರಿಯಾಗಿ ಫೋನು ಹಚ್ಚುತ್ತಿದ್ದ. ಅಷ್ಟು ಸಾಕಿತ್ತು ಅವಳಿಗೆ. ನಿಜ ಹೇಳಬೇಕೆಂದರೆ ಅಷ್ಟಕ್ಕಾಗಿಯೇ ಅದನ್ನು ಬರೆದಿದ್ದಳು. ಮಂಗಳವಾರ 'ಇದು ನಾ ಅಲ್ಲ.' ಬುಧವಾರವೂ ಅದೇ. ಬದನೆ ಸೊಂಪಾಗಿ ಕಾಯಿ ಬಿಟ್ಟಿತು. ವಾರ ತುಂಬಿತು. ಮುಂದಿನ ಭಾನುವಾರ ಅವನಿಗೆ ಓವರ್‌ಟೈಮ್ ಇದೆಯಂತೆ.

ವೇಣಿ ಮೇಡಂಗೆ ಉತ್ತರ ಕೊಡಬೇಕಾದ ದಿನ, ಪಾಳಿಗೆ ಹೊರಡುವ ಮುಂಚೆ ಪಿ.ಜಿ.ಯ ಮೆಟ್ಟಿಲ ಮೇಲೆ ಕೂತು ಅವಳೇ ಫೋನು ಮಾಡಿದಳು. ಅವನು ಊಟದ ಬಿಡುವಿನಲ್ಲಿದ್ದ.

"ಬಾವಿಕಟ್ಟಿ ಮ್ಯಾಲ ನಾ ಇಟ್ಟಿದ್ದು ನೋಡಿದ್ರೇನು?"

"ನೋಡಿದ್ನಲ್ಲ. ಭಾಳ ಚಲೋ ಐತಿ."

"ಬಣ್ಣ ಹಿಡಿಸ್ತೇನು ನಿಮಗ?"

"ಹೂಂ, ಹಿಡಿಸ್ತು. ಭಾಳ ಹಿಡಿಸ್ತು."

ಬಾವಿಕಟ್ಟೆಯ ಮೇಲೆ ಅವಳು ಏನೂ ಇಟ್ಟಿರಲಿಲ್ಲ.

ಕಾರ್ಖಾನೆಗೆ ಹೋದವಳೇ ವೇಣಿಯ ಮೇಜಿನ ಮುಂದೆ ನಿಂತಳು. "ಪೀಣ್ಯಾ ಬ್ಯಾಡ್ರಿ ಮೇಡಂ. ಬೇರೆ ಯಾರನ್ನಾರ ಕಳಸ್ರಿ."

"ಯಾಕಮ್ಮ? ಅಷ್ಟು ಆಸೆ ಪಡ್ತಿದ್ದೆ? ಅಲ್ಲಿ ಮನೆ ಸಿಗ್ಲಿಲ್ವಾ?"

"ಇಲ್ರಿ. ಅಲ್ಲಿ ನಮ್ಮವ್ರು ಯಾರೂ ಇಲ್ಲ."

ವೇಣಿ ಅವಳ ಮುಖ ನೋಡಿ, ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. ಆ ಪಾಳಿಯಲ್ಲಿ ಹಳೇ ಬ್ಯಾಚಿನ ಬೋರ್ಡುಗಳು ಬಂದವು. ಶಿವಗಂಗಾ ಸ್ಕ್ರಿಪ್ಟ್ ಒತ್ತಿ ಹಳೇ ಪ್ರೋಗ್ರಾಮು ತಂದುಕೊಂಡು ಎಂದಿನಂತೆ ಕೆಲಸ ಮಾಡಿದಳು. ಚಹಾದ ಬಿಡುವಿಗೆ ಕ್ಯಾಂಟೀನಿಗೆ ಹೋಗಿ, ಅಭ್ಯಾಸಬಲದಿಂದ ಫೋನು ತೆರೆದಳು. ಮಣ್ಣು ಒದ್ದೆ. ಹಲಗೆಯ ಮೇಲೆ ಮಲಕಪ್ಪ ಬರೆದಿದ್ದ: 'ಇದು ನಾ ಅಲ್ಲ.'

ಅವಳು ಅದರ ಕೆಳಗೆ ಉತ್ತರ ಬರೆದಳು: 'ಗೊತ್ತೈತ್ರಿ.'